ನಲವತ್ತೊಂದು: ೨, ೯, ೬

೦

ಕತ್ತಲೆಯಿಂದ ಶುರು ಮಾಡೋಣ ಎಂದುಕೊಂಡೆ. ಗಣಿತದ ಲೆಕ್ಕದಲ್ಲಿ ಅದೇ ಸರಿ. ಎಲ್ಲ ದೀಪಗಳೂ ಸೊನ್ನೆಯಲ್ಲಿದ್ದಾಗ ಉಳಿಯುವುದು ಕತ್ತಲೆ; ಎಲ್ಲ ಬಾಣಗಳೂ ಅಲ್ಲಿಂದಲೇ ಹೊರಡಬೇಕು. ಆದರೆ ಕತ್ತಲೆಯಿಂದ ಶುರುವಾಗುವ ಕಥೆಗಳನ್ನು ನೀವು ಬೇಕಾದಷ್ಟು ಓದಿದ್ದೀರಿ. ಮೂರನೆಯ ಸಾಲಿಗೆ ಯಾರೋ ಕೆಮ್ಮುತ್ತಾರೆ. ಐದನೆಯ ಸಾಲಿಗೆ ನೆನಪುಗಳು ಒತ್ತರಿಸಿಕೊಂಡು ಬರುತ್ತವೆ. ಬೇಡ.

೧

(ಮೊದಲ ಕರಡು.) ಅವಳ ಗಂಡ ಪರವೂರಿಗೆ ಹೋಗಿ ಎಂಟು ತಿಂಗಳಾಗಿತ್ತು.

ಇಷ್ಟು ಬರೆದು, ದೊಡ್ಡ ಕೆಲಸ ಮುಗಿಸಿದವರ ಹಾಗೆ ಎದ್ದು ಹೋಗಿ ನೀರು ಕುಡಿದು ಬಂದೆ. ಬಂದು ನೋಡಿದರೆ ಈ ಕಥೆಯ ನಾಯಕಿ ವಾಕ್ಯದ ಕೊನೆಯಲ್ಲಿ ಕೈಕಟ್ಟಿ ನಿಂತಿದ್ದಳು. ಯಾವ ಊರಿಗೆ ಎಂದು ಕೇಳಿದಳು. ನನಗೆ ಹೊಳೆಯಲಿಲ್ಲ. ಹೊಡೆದು ಹಾಕಿದೆ.

೧ (ಮತ್ತೆ)

ಅವಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಇದಕ್ಕೆ ಅವಳ ತಕರಾರಿಲ್ಲ.

ಪ್ರತಿ ವರ್ಷವೂ ಅವಳು ಮೊದಲ ತರಗತಿಯಲ್ಲಿ ಹಲಗೆಯ ಮೇಲೆ ಒಂದು ಬಾಣ ಬರೆಯುತ್ತಾಳೆ. ಇದು ವೆಕ್ಟರ್, ಇದಕ್ಕೆ ಒಂದು ಉದ್ದ, ಒಂದು ದಿಕ್ಕು, ಇನ್ನೇನೂ ಇಲ್ಲ ಎನ್ನುತ್ತಾಳೆ. ಪಠ್ಯಪುಸ್ತಕ ಇದನ್ನು ‘ಸದಿಶ’ ಎಂದು ಕರೆಯುತ್ತದೆ. ಹಾಗೆಂದ ಕೂಡಲೇ ಹಿಂದಿನ ಬೆಂಚು ಆಕಳಿಸುತ್ತದೆ. ಆಮೇಲೆ ಇನ್ನೆರಡು ಬಾಣ. ಒಂದನ್ನು ಇಷ್ಟು ಹಿಗ್ಗಿಸಿ, ಇನ್ನೊಂದನ್ನು ಅಷ್ಟು ಕುಗ್ಗಿಸಿ, ಬಾಲಕ್ಕೆ ತಲೆ ಸೇರಿಸಿ ಕೂಡಿದರೆ ಹೊಸ ಜಾಗಕ್ಕೆ ತಲುಪುತ್ತೀರಿ. ಇದು ಲೀನಿಯರ್ ಕಾಂಬಿನೇಷನ್. ಮೂರು ಬಾಣಗಳಿಂದ ಎಲ್ಲೆಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಲಾಗುವುದಿಲ್ಲ ಎಂದು ತಿಳಿಯುವುದಕ್ಕೇ ಈ ಪಾಠ ಎಂದು ಹೇಳಿ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾಳೆ.

ಬಣ್ಣದ ಬೆಳಕೂ ಹೀಗೆಯೇ. ಕೆಂಪು ದೀಪ ಒಂದು ಬಾಣ, ಹಸಿರು ಒಂದು, ನೀಲಿ ಒಂದು. ಯಾವುದನ್ನು ಎಷ್ಟು ಏರಿಸುತ್ತೀರಿ ಎಂಬ ಮೂರು ಸಂಖ್ಯೆ ಕೊಟ್ಟರೆ ಒಂದು ಬಣ್ಣ ಕೊಟ್ಟಂತೆ.

(ಓದುವವರೇ, ಗಣಿತ ಇಷ್ಟೇ. ಮುಂದೆ ಒಂದು ಋಣ ಸಂಖ್ಯೆ ಬರುತ್ತದೆ. ಅಲ್ಲಿಗೆ ಬಂದಾಗ ಕೈ ಹಿಡಿದುಕೊಳ್ಳುತ್ತೇನೆ.)

೨

(ಎರಡನೆಯ ಕರಡು.) ಅವಳ ಗಂಡ ನಾಟಕಶಾಲೆಯೊಂದರಲ್ಲಿ ಬೆಳಕಿನವನಾಗಿದ್ದ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿ ಬಿಟ್ಟು ಹೋದ. ಹೋಗುವಾಗ ಒಂದು ಚೀಟಿ...

“ಕೆಲಸ ಬಿಟ್ಟು ಹೋದವನಿಗೆ ಫೋನ್ ಇರಲ್ವಾ?” ಎಂದಳು ಅವಳು.

ಇರುತ್ತದೆ ಎಂದೆ.

“ಹಾಗಾದ್ರೆ ನಾಟಕದವರು ಚೀಟಿಯ ಅರ್ಥ ಅವನಿಗೇ ಫೋನ್ ಮಾಡಿ ಕೇಳ್ತಿದ್ರು. ನನ್ನ ಹತ್ರ ಯಾಕೆ ಬರ್ತಾರೆ?”

ಕಥೆಯ ತರ್ಕದಲ್ಲಿ ದೊಡ್ಡ ತೂತು. ನಾನು ಅದನ್ನು ಮುಚ್ಚಲು ನೋಡಿದೆ. ಫೋನ್ ಕಳೆದುಹೋಗಿರಬಹುದು. ಅವನು ಮುನಿಸಿಕೊಂಡು ಮಾತು ಬಿಟ್ಟಿರಬಹುದು. ನೆಟ್‌ವರ್ಕ್ ಸಿಗದ ಜಾಗದಲ್ಲಿರಬಹುದು. ಒಂದೊಂದು ಸಾಧ್ಯತೆಯನ್ನೂ ಅವಳು ವಿದ್ಯಾರ್ಥಿಯ ಉತ್ತರಪತ್ರಿಕೆ ನೋಡುವ ಹಾಗೆ ನೋಡಿ, ಪಕ್ಕದಲ್ಲಿ ಸೊನ್ನೆ ಹಾಕಿದಳು.

“ಸತ್ತಿದ್ದಾನೆ ಅಂತ ಬರೀರಿ,” ಎಂದಳು. “ಒಂದು ಪದ ತಾನೇ.”

ಹೇಗೆ ಎಂದು ಬರೆಯಲೇ ಎಂದು ಕೇಳಿದೆ.

“ಹೇಗೆ ಅಂತ ಬೇಡ. ಲೆಕ್ಕಕ್ಕೆ ಅದು ಬೇಕಾಗಿಲ್ಲ.”

ಅವಳ ಗಂಡ ಸತ್ತು ಎಂಟು ತಿಂಗಳಾಗಿತ್ತು. (ನೋಡಿ, ಬರೆದೆ. ಏನೂ ಆಗಲಿಲ್ಲ. ಪೆನ್ನು ಬರೆಯುತ್ತಲೇ ಇದೆ.)

೩

ನಾಟಕಶಾಲೆಯವರು ಹಳೆಯ ನಾಟಕವೊಂದನ್ನು ಮತ್ತೆ ಆಡಲು ಹೊರಟಿದ್ದರು. ಆ ನಾಟಕಕ್ಕೆ ಬೆಳಕು ಕೂಡಿಸಿದವನು ಅವನು. ಈ ನಡುವೆ ನಾಟಕಶಾಲೆಯ ದೀಪಗಳೆಲ್ಲ ಬದಲಾಗಿದ್ದವು. ಮೊದಲು ಇದ್ದದ್ದು ದೊಡ್ಡ ಬಲ್ಬಿನ ಬಿಸಿ ದೀಪಗಳು. ಮುಖಕ್ಕೆ ಬಣ್ಣದ ಜಿಲಾಟಿನ್ ಹಾಳೆ ಕಟ್ಟಿದರೆ ಆ ಬಣ್ಣದ ಬೆಳಕು. ಈಗ ಬಂದಿರುವುದು ಎಲ್‌ಇಡಿ. ಒಂದೊಂದರ ಹೊಟ್ಟೆಯಲ್ಲೂ ಕೆಂಪು, ಹಸಿರು, ನೀಲಿ ಮೂರೂ ಇವೆ. ಕಂಪ್ಯೂಟರಿಗೆ ಮೂರು ಸಂಖ್ಯೆ ಕೊಟ್ಟರೆ ಸಾಕು.

ಅವನ ಚೀಟಿಗಳಲ್ಲಿದ್ದ ಸಂಖ್ಯೆಗಳು ಹಳೆಯ ದೀಪಗಳವು: ಮೊದಲು ಬೆಳಕಿನ ಕ್ರಮಸಂಖ್ಯೆ, ಆಮೇಲೆ ಮೂರು ದೀಪಗಳನ್ನು ಎಷ್ಟೆಷ್ಟು ಏರಿಸಬೇಕೆಂದು. ನಲವತ್ತು ಬೆಳಕುಗಳನ್ನು ಹೇಗೋ ಅಂದಾಜಿನ ಮೇಲೆ ಹೊಂದಿಸಿಕೊಂಡರು. ನಲವತ್ತೊಂದನೆಯದು ಸಿಕ್ಕಲಿಲ್ಲ. ಅದು ಕೊನೆಯ ದೃಶ್ಯ. ತಂಗಿಯೊಬ್ಬಳು ಒಬ್ಬಳೇ ಕುಳಿತು ಅಂಗಿಗೆ ಗುಂಡಿ ಹೊಲಿಯುತ್ತಾಳೆ, ಮಾತಿಲ್ಲ. ನೋಡಿದವರೆಲ್ಲ ಆ ಬಣ್ಣದ ಬಗ್ಗೆ ಹೇಳುತ್ತಿದ್ದರಂತೆ: ನೀಲಿ ಎಂದರೆ ನೀಲಿಯಲ್ಲ, ಹಸಿರು ಎಂದರೆ ಹಸಿರಲ್ಲ. ಚೀಟಿಯಲ್ಲಿ ಇದ್ದದ್ದು ಇಷ್ಟು:

೪೧: ೨, ೯, ೬

ನಿರ್ದೇಶಕಿ ಅವಳ ಸ್ಟಾಫ್ ರೂಮಿಗೇ ಬಂದಿದ್ದರು. ಕುರ್ಚಿಯ ಅಂಚಿನಲ್ಲಿ ಕುಳಿತು, ಸಾಂತ್ವನ ಹೇಳಬೇಕೋ ಕೆಲಸ ಹೇಳಬೇಕೋ ಎಂದು ತೋಚದೆ ಎರಡನ್ನೂ ಅರ್ಧರ್ಧ ಹೇಳಿದರು. ಶುಕ್ರವಾರದವರೆಗೆ ಕಾಯುತ್ತೇನೆ, ಆಮೇಲೆ ಆ ದೃಶ್ಯಕ್ಕೆ ಸಾದಾ ನೀಲಿ ಹಾಕಿಬಿಡುತ್ತೇನೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ ಎಂದರು. ಕೊನೆಯ ಮಾತು ಆಡಬಾರದಿತ್ತೇನೋ ಎಂದು ಅವರಿಗೇ ಅನ್ನಿಸಿ, ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಎತ್ತಿ ನೋಡಿ ಇಟ್ಟರು.

ಅವನು ಕೂಡಿಸಿದ ಇನ್ನಾವ ಬೆಳಕೂ ಈಗ ಎಲ್ಲೂ ಉರಿಯುತ್ತಿರಲಿಲ್ಲ. ಇದು ಹೋದರೆ ಹೋಯಿತು. ಅವಳು ಚೀಟಿ ತೆಗೆದುಕೊಂಡು, ಇದು ಬರೀ ಬೇಸಿಸ್ ಬದಲಾಯಿಸುವ ಲೆಕ್ಕ, ಒಂದು ಪುಟ, ಎಂದಳು.

(ಬೇಸಿಸ್ ಎಂದರೆ ಅಳೆಯಲು ಆರಿಸಿಕೊಂಡ ಮೂರು ಬಾಣ. ಅದೇ ಜಾಗ, ಬೇರೆ ಬಾಣಗಳಿಂದ ದಾರಿ ಹೇಳುವುದು. ಇಷ್ಟು ಸುಲಭವಾಗಿ ಹೇಳುವವರನ್ನು ನಂಬಬೇಡಿ.)

೪

ಮನೆಯಲ್ಲಿ ಅವಳ ಜೊತೆ ಇರುವುದು ಅತ್ತೆ, ಅವನ ತಾಯಿ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ಅತ್ತೆ ಬಟ್ಟೆಗೆ ದಾರ ಹೊಂದಿಸಲು ಬಾಗಿಲ ಹೊರಗೆ ಬಂದು, ರೀಲನ್ನು ಬಟ್ಟೆಯ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅವರ ಅಂಗಡಿಯಲ್ಲಿ ಕಪ್ಪೇ ಏಳು ಬಗೆಯದಿತ್ತಂತೆ.

ಊಟದ ಮೇಜಿನ ಮೇಲೆ ಅವಳು ಲೆಕ್ಕ ಹಾಕಿದಳು. ಒಂದನೆಯ ದೀಪಕ್ಕೆ ಹಾಳೆಯಿಲ್ಲ, ಬರೀ ಬಲ್ಬು, ಬಿಳಿ. ಎರಡನೆಯದಕ್ಕೆ ನವಿಲುಬಣ್ಣದ ಹಾಳೆ. ಮೂರನೆಯದಕ್ಕೆ ನೀಲಿ. ಹಾಳೆಗಳ ಮಾದರಿ ಪುಸ್ತಕದಲ್ಲಿ ಯಾವ ಬಣ್ಣ ಎಷ್ಟು ಹಾಯುತ್ತದೆ ಎಂಬ ಅಂಕಿಗಳಿದ್ದವು. ಹತ್ತರಲ್ಲಿ ಎರಡು ಪಾಲು ಬಿಳಿ, ಒಂಬತ್ತು ಪಾಲು ನವಿಲು, ಆರು ಪಾಲು ನೀಲಿ. ಗುಣಿಸಿ, ಕೂಡಿ, ಕೆಳಗೆ ಎರಡು ಗೆರೆ ಎಳೆದಳು: ಕೆಂಪು ೨೦, ಹಸಿರು ೭೬, ನೀಲಿ ೯೭.

ಅತ್ತೆ ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ, ಇಷ್ಟು ಗೀಚಿ ಮೂರೇ ಬಂತೇನೇ ಎಂದು ಕೇಳಿದರು.

ಮರುದಿನ ಮಧ್ಯಾಹ್ನ ನಾಟಕಶಾಲೆಯಲ್ಲಿ ಆ ಮೂರು ಸಂಖ್ಯೆಗಳನ್ನು ಒತ್ತಿದರು. ವೇದಿಕೆಯ ಮೇಲೆ ಒಂದು ನೀಲಿ ಬಂತು. ತೊಳೆದು ತೊಳೆದು ಬಣ್ಣ ಬಿಟ್ಟ ಶರ್ಟಿನ ನೀಲಿ. ಆಸ್ಪತ್ರೆಯ ಕಾರಿಡಾರಿನ ನೀಲಿ. ನಿರ್ದೇಶಕಿ ಬಹಳ ಮರ್ಯಾದೆಯಿಂದ, ಚೆನ್ನಾಗಿದೆ ಎಂದರು. ಅಷ್ಟು ಮರ್ಯಾದೆ ಕೇಳಿದ ಕೂಡಲೇ ಅವಳಿಗೆ ಲೆಕ್ಕ ತಪ್ಪಿದೆ ಎಂದು ಖಾತ್ರಿಯಾಯಿತು.

ಹಿಂದಿನಿಂದ ಯಾರೋ ನಕ್ಕರು.

ಫ್ಯೂಸ್ ಮಾಮ. ನಾಟಕಶಾಲೆಯ ಎಲೆಕ್ಟ್ರಿಷಿಯನ್, ಅವಳ ಗಂಡನಿಗೆ ಕೆಲಸ ಕಲಿಸಿದವರು. ಎಲ್ಲಿ ಯಾವ ಫ್ಯೂಸ್ ಹೋದರೂ ಮೊದಲು ಮಾತು, ಆಮೇಲೆ ರಿಪೇರಿ. ಮಾತೇ ಜಾಸ್ತಿ ಹೊತ್ತು. ಚೀಟಿಯನ್ನು ಕೈಯಲ್ಲಿ ದೂರಕ್ಕೆ ಹಿಡಿದು ಓದಿದರು.

“ಟೀಚರಮ್ಮ, ಬಿಳಿ ದೀಪದ ಈ ಎರಡನ್ನ ಲೆಕ್ಕಕ್ಕೆ ಸೇರಿಸಿದ್ಯಾ?”

ಸೇರಿಸಿದ್ದೇನೆ ಎಂದಳು. ಚೀಟಿಯಲ್ಲಿ ಇದೆಯಲ್ಲ ಎಂದಳು.

“ಅದು ಬಣ್ಣಕ್ಕಲ್ಲ ಕಣಮ್ಮ. ಬಲ್ಬು ಬೆಚ್ಚಗಿರಲಿ ಅಂತ.”

ಆಮೇಲೆ ಕಾಲು ಗಂಟೆ ಮಾತು. ಅದರ ಸಾರ ಇದು. ಹಳೆಯ ಬಲ್ಬಿನ ತಂತಿ ತಣ್ಣಗಿರುವಾಗ ಏಕಾಏಕಿ ಪೂರ್ತಿ ಕರೆಂಟ್ ಕೊಟ್ಟರೆ ಪಟ್ಟೆಂದು ಹೋಗುತ್ತದೆ. ನಲವತ್ತೊಂದಾದ ಮೇಲೆ ನಲವತ್ತೆರಡು, ಅಂದರೆ ನಟರೆಲ್ಲ ಸಾಲಾಗಿ ಬಂದು ತಲೆಬಾಗುವ ಹೊತ್ತು. ಆಗ ಬಿಳಿ ದೀಪ ಒಂದೇ ಏಟಿಗೆ ಪೂರ್ತಿ ಬರಬೇಕು. ಅದಕ್ಕೇ ಅದರ ಹಿಂದಿನ ದೃಶ್ಯದುದ್ದಕ್ಕೂ ಬಿಳಿ ಬಲ್ಬನ್ನು ಎರಡರಲ್ಲಿ ಇಟ್ಟಿರುತ್ತಾರೆ. ಎರಡರಲ್ಲಿ ಬೆಳಕೇ ಬರುವುದಿಲ್ಲ. ಒಳಗೆ ತಂತಿ ಕೆಂಪಗೆ ಒಂದು ಎಳೆ ಕಾಣುತ್ತದೆ, ಅಷ್ಟೇ. ಈ ಕಸುಬಿನವರೆಲ್ಲ ಮಾಡುವ ಕೆಲಸ. ಯಾರೂ ಯಾರಿಗೂ ಹೇಳುವುದಿಲ್ಲ.

ಎರಡು ಎಂದರೆ ಹತ್ತರಲ್ಲಿ ಎರಡು ಪಾಲು ಎಂದು ತಿಳಿಯುವುದು ಗಣಿತದವರಿಗೆ ಮಾತ್ರ ಸಾಧ್ಯವಾಗುವ ತಪ್ಪು. ಅವಳು ಒಂದು ಬಾಣ ಎಂದು ಅಳೆದದ್ದು ಬಾಣವೇ ಆಗಿರಲಿಲ್ಲ. ಇನ್ನೂ ಬಾರದ ಬೆಳಕೊಂದು ಒಡೆದುಹೋಗದಿರಲಿ ಎಂದು ಅವನು ಕಾಯ್ದಿಟ್ಟ ಬಿಸಿ ಅದು.

(ಇಲ್ಲಿ ಒಂದು ಉಪಮೆ ತಯಾರಾಗಿತ್ತು: ಎಂಟು ತಿಂಗಳಿಂದ ಅವಳೂ ಎರಡರಲ್ಲಿ... ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ವಿಶ್ವವಿದ್ಯಾಲಯದಲ್ಲಿ ಕಲಿತ ಅಭ್ಯಾಸ, ಸುಲಭಕ್ಕೆ ಹೋಗುವುದಿಲ್ಲ ಎಂದೆ. ಹೊಡೆದು ಹಾಕಿದೆ.)

೫

ಎರಡನ್ನು ತೆಗೆದುಹಾಕಿದರೆ ಕೆಂಪು ೦, ಹಸಿರು ೬೦, ನೀಲಿ ೮೭. ಮೊದಲಿಗಿಂತ ವಾಸಿ. ಆದರೆ ಇದೇನಾ ಅದು? ಗೊತ್ತಾಗುವುದು ಹೇಗೆ?

ಫ್ಯೂಸ್ ಮಾಮ ಉಗ್ರಾಣದ ಬೀಗ ತೆಗೆದರು. ಹಳೆಯ ದೀಪಗಳನ್ನು ಗುಜರಿಗೆ ಹಾಕಿ ಎಂದು ಹೇಳಿದ್ದರಂತೆ. ಹಾಕಿದೆ ಎಂದು ಇವರೂ ಹೇಳಿದ್ದರಂತೆ. ಮೂರು ದೀಪಗಳು ಪರದೆ ಬಟ್ಟೆಯ ಹಿಂದೆ ಸುಖವಾಗಿ ಕುಳಿತಿದ್ದವು. ಎರಡನೆಯದರ ಮುಖದಲ್ಲಿ ಅವನು ಕತ್ತರಿಸಿ ಕಟ್ಟಿದ್ದ ನವಿಲುಬಣ್ಣದ ಹಾಳೆ ಹಾಗೇ ಇತ್ತು, ನಡುವೆ ಬಿಸಿಗೆ ಸ್ವಲ್ಪ ಬೆಳ್ಳಗಾಗಿ, ಒಣಗಿದ ಎಲೆಯ ಹಾಗೆ ಗರಿಗರಿಯಾಗಿ. ಆ ಬಣ್ಣದ ಹಾಳೆ ಈಗ ಯಾರೂ ಮಾಡುವುದಿಲ್ಲ. ಉರಿಸಿದಷ್ಟೂ ಹೋಗುತ್ತೆ, ಬೇಗ ನೋಡ್ಕೊಂಬಿಡಿ ಎಂದರು ಮಾಮ.

ಬುಧವಾರ ಅವಳು ಅತ್ತೆಯನ್ನು ಕರೆದುಕೊಂಡು ಹೋದಳು. ಲೆಕ್ಕಕ್ಕೆ ಒಂದು ಕಣ್ಣು ಬೇಕಾಗಿತ್ತು.

ವೇದಿಕೆಯ ಮೇಲೆ ಬಿಳಿ ಬೆಡ್‌ಶೀಟ್ ಕಟ್ಟಿದರು. ನಡುವೆ ಒಂದು ರಟ್ಟು ಅಡ್ಡ ನಿಲ್ಲಿಸಿ ಎಡಭಾಗಕ್ಕೆ ಹಳೆಯ ದೀಪಗಳು, ನವಿಲು ಒಂಬತ್ತರಲ್ಲಿ, ನೀಲಿ ಆರರಲ್ಲಿ. ಬಲಭಾಗಕ್ಕೆ ಹೊಸದು. ಎರಡು ಬಣ್ಣಗಳೂ ಒಂದೇ ಆದ ಗಳಿಗೆಯಲ್ಲಿ ನಡುವಿನ ಗೆರೆ ಮಾಯವಾಗುತ್ತದೆ, ಅಲ್ಲಿಯವರೆಗೆ ಹೇಳುತ್ತಿರಿ ಎಂದು ಅತ್ತೆಗೆ ಹೇಳಿಕೊಟ್ಟಳು. ಅತ್ತೆ ಹೇಳಿಕೊಡಿಸಿಕೊಳ್ಳುವವರಲ್ಲ. ನೀನು ಹುಟ್ಟೋ ಮೊದಲಿನಿಂದ ಇದೇ ಕೆಲಸ ಮಾಡ್ತಿದೀನಿ ಎಂದು ಮೂರನೆಯ ಸಾಲಿನಲ್ಲಿ ಕುಳಿತರು.

ಎಡಗಡೆ ಅವನ ಬಣ್ಣ ಬಂತು.

(ಅದನ್ನು ವರ್ಣಿಸಲು ನಾಲ್ಕು ಸಲ ನೋಡಿದೆ. ಮೂರು ಸಲ ಸಮುದ್ರ ಬಂತು, ಒಂದು ಸಲ ಗಾಜಿನ ಬಾಟಲಿ. ನಾಲ್ಕನ್ನೂ ಹೊಡೆದಿದ್ದೇನೆ. ಖಾಲಿ ಜಾಗವೆಂದು ತಿಳಿಯಿರಿ.)

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಕೆಲಸಕ್ಕಿಳಿದರು. ಬಲಗಡೆಯದು ತೆಳು, ಸುಣ್ಣ ಬಿದ್ದ ಹಾಗಿದೆ. ಹಸಿರು ಒಂಚೂರು ಏರಿಸು. ನೀಲಿ ಇಳಿಸು. ಸಾಕು. ಅರವತ್ತಮೂರು, ಎಂಬತ್ತೈದು. ಇನ್ನೂ ತೆಳು. ಕೆಂಪು ತೆಗಿ. ಕೆಂಪು ಆಗಲೇ ಸೊನ್ನೆಯಲ್ಲಿದೆ ಅತ್ತೆ ಎಂದಳು ಅವಳು.

“ಇನ್ನೂ ತೆಗಿ.”

“ಸೊನ್ನೆ ಅತ್ತೆ. ಸೊನ್ನೆಗಿಂತ ಕಮ್ಮಿ ದೀಪ ಉರಿಯಲ್ಲ.”

“ನನಗದೆಲ್ಲ ಗೊತ್ತಿಲ್ಲ ಕಣೇ. ಅದರಲ್ಲಿ ಇನ್ನೂ ಕೆಂಪಿದೆ.”

(ಬಂತು. ಕೈ ಕೊಡಿ.)

ಅತ್ತೆ ಹೇಳಿದ್ದು ಸರಿ. ಹೊಸ ದೀಪದ ಹಸಿರಿಗೂ ನೀಲಿಗೂ ತಮ್ಮದೇ ಆದ ಒಂದು ಮಸುಕಿದೆ. ಕೂಡಿದರೆ ಅವನ ಬಣ್ಣದಷ್ಟು ಗಾಢವಾಗುವುದಿಲ್ಲ. ಅವನ ಬಣ್ಣ ಹೊಸ ಮೂರು ಬಾಣಗಳ ಲೆಕ್ಕದಲ್ಲಿ ಬರೆಯಬಹುದು, ಆದರೆ ಕೆಂಪಿನ ಮುಂದೆ ಋಣ ಚಿಹ್ನೆ ಬರುತ್ತದೆ. ಕಾಗದದ ಮೇಲೆ ಋಣ ಚಿಹ್ನೆ ಒಂದು ಅಡ್ಡಗೆರೆ, ಬರೆಯಲು ಅರೆಗಳಿಗೆ ಸಾಕು. ದೀಪಕ್ಕೆ ಬರೆಯಲು ಬರುವುದಿಲ್ಲ. ಬೆಳಕನ್ನು ಕೂಡಬಹುದು, ಕಳೆಯಲಾಗದು.

ಅವಳು ಅಲ್ಲೇ ವೇದಿಕೆಯ ಅಂಚಿನಲ್ಲಿ ಕುಳಿತಳು. ಆಮೇಲೆ ಎದ್ದು, ಸಮೀಕರಣದಲ್ಲಿ ಬೇಡದ ಪದವನ್ನು ಎಲ್ಲರೂ ಏನು ಮಾಡುತ್ತಾರೋ ಅದನ್ನೇ ಮಾಡಿದಳು: ಆಚೆ ಬದಿಗೆ ಹಾಕಿದಳು. ಒಂದು ಎಲ್‌ಇಡಿಯ ಮುಖ ಎಡಕ್ಕೆ ತಿರುಗಿಸಿ, ಅವನ ಬಣ್ಣದ ಮೇಲೆ ಬರೀ ಕೆಂಪನ್ನು ಸ್ವಲ್ಪ ಸ್ವಲ್ಪವೇ ಚೆಲ್ಲಿದಳು. ಮೂರು. ನಾಲ್ಕು. ಐದು.

ಆರಕ್ಕೆ ಗೆರೆ ಹೋಯಿತು. ಬೆಡ್‌ಶೀಟ್ ಒಂದೇ ಬಣ್ಣವಾಯಿತು.

ಲೆಕ್ಕ ಸರಿ: ಅವನದಕ್ಕೆ ಆರು ಕೆಂಪು ಸೇರಿಸಿದರೆ ಇವರದು. ಅಂದರೆ ಅವನದು ಕೆಂಪು ಋಣ ಆರು, ಹಸಿರು ಅರವತ್ತಮೂರು, ನೀಲಿ ಎಂಬತ್ತೈದು. ಪೂರ್ತಿ ನಿಖರ, ಪೂರ್ತಿ ನಿರುಪಯೋಗಿ. ಅವಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಗ ಸುಟ್ಟ ವಾಸನೆ ಬಂತು. ಮಾಮ ಓಡಿಹೋಗಿ ಸ್ವಿಚ್ ಆರಿಸುವಷ್ಟರಲ್ಲಿ ನವಿಲುಬಣ್ಣದ ಹಾಳೆಯ ನಡುವೆ ಹೆಬ್ಬೆರಳಿನಷ್ಟು ತೂತು.

ಈ ಸಲ ಮಾಮ ಮೊದಲು ಹಾಳೆ ಬಿಚ್ಚಿಟ್ಟರು, ಮಾತು ಆಮೇಲೆ. ಅದು ದಾಖಲೆ.

−೧

ಈ ಭಾಗ ಮೊದಲೇ ಬರಬೇಕಿತ್ತು. ಸೊನ್ನೆಗಿಂತ ಹಿಂದೆ. ಆಗ ಬರೆಯಲಾಗಲಿಲ್ಲ, ಈಗ ಬರೆಯುತ್ತಿದ್ದೇನೆ. ನೀವೇ ದಯವಿಟ್ಟು ಎತ್ತಿಕೊಂಡು ಹೋಗಿ ಆಚೆ ಬದಿಗೆ ಇಟ್ಟುಕೊಳ್ಳಿ.

ಆ ನಾಟಕದ ಮೊದಲ ಪ್ರದರ್ಶನಕ್ಕೆ ಅವನು ಅವಳನ್ನು ಕರೆದಿದ್ದ. ಅವಳು ಹೋಗಿದ್ದಳು, ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡು. ಮರುದಿನ ಅಂಕ ಕೊಡಬೇಕಿತ್ತು. ಬೆಳಕಿನ ಕೋಣೆಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಬೆಳಕು ಬಂದಾಗ ತಿದ್ದುತ್ತಾ, ಹೋದಾಗ ಕಾಯುತ್ತಾ ಇದ್ದಳು. ಕೊನೆಯ ದೃಶ್ಯದಲ್ಲಿ ತೊಡೆಯ ಮೇಲಿನ ಕಾಗದಗಳೆಲ್ಲ ಒಂದು ವಿಚಿತ್ರ ಬಣ್ಣಕ್ಕೆ ತಿರುಗಿದವು. ಅವಳ ಕೆಂಪು ಶಾಯಿ ಕಪ್ಪಾಗಿ ಕಂಡಿತು. ಅಂಕಗಳು ಓದಲು ಬರುತ್ತಿಲ್ಲವಲ್ಲ ಎಂದು ಬೇಜಾರಾಯಿತು. ತಲೆಯೆತ್ತಲಿಲ್ಲ.

ಹೇಗಿತ್ತು ಎಂದು ಆಮೇಲೆ ಅವನು ಕೇಳಿದ. ಚೆನ್ನಾಗಿತ್ತು ಎಂದಳು. ಬಹಳ ಮರ್ಯಾದೆಯಿಂದ.

೬

ಗುರುವಾರ. ನಿಮ್ಮ ಮುಂದೆ ಮೂರು ಮುಕ್ತಾಯಗಳಿವೆ.

ಅ) ಹಾಳೆ ಸುಟ್ಟಿತು, ಕಥೆ ಮುಗಿಯಿತು. ಶುಕ್ರವಾರ ಸಾದಾ ನೀಲಿ ಹಾಕುತ್ತಾರೆ. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ನಾಯಕಿ ಎಲ್ಲವನ್ನೂ ಒಪ್ಪಿಕೊಂಡು ಕಿಟಕಿಯ ಬಳಿ ನಿಲ್ಲುತ್ತಾಳೆ. (ಒಪ್ಪಿಕೊಂಡವರು ಯಾವಾಗಲೂ ಕಿಟಕಿಯ ಬಳಿಯೇ ನಿಲ್ಲುತ್ತಾರೆ, ಯಾಕೋ.)

ಆ) ಅವನ ಪೆಟ್ಟಿಗೆಯಲ್ಲಿ ಇನ್ನೊಂದು ನವಿಲುಬಣ್ಣದ ಹಾಳೆ ಸಿಗುತ್ತದೆ, ಜೊತೆಗೆ ಒಂದು ಪತ್ರ. ಇದನ್ನು ನಾನು ಸುಮಾರು ದೂರ ಬರೆದಿದ್ದೆ. ಪತ್ರದ ಎರಡನೆಯ ಸಾಲಿನಲ್ಲಿ ಅವಳು ಪೆನ್ನು ಕಿತ್ತುಕೊಂಡಳು. “ಅವನು ಪತ್ರ ಬರೆಯೋನಲ್ಲ,” ಎಂದಳು. “ಚೀಟಿ ಬರೆಯೋನು.”

ಇ) ಅತ್ತೆ.

ಈ ಮೂರನ್ನೂ ನಿಮಗೆ ಬೇಕಾದ ಪ್ರಮಾಣದಲ್ಲಿ ಕೂಡಿಕೊಳ್ಳಬಹುದು. ನಾನು ಅ-ಗೆ ಸೊನ್ನೆ, ಆ-ಗೆ ಸೊನ್ನೆ, ಇ-ಗೆ ಒಂದು ಹಾಕಿ ಮುಂದುವರಿಯುತ್ತೇನೆ. ಅದೂ ಲೀನಿಯರ್ ಕಾಂಬಿನೇಷನ್ನೇ. ಪರೀಕ್ಷೆಯಲ್ಲಿ ಕೇಳಿದರೆ ಬರೆಯಿರಿ.

೬ (ಇ)

ಗುರುವಾರ ಬೆಳಿಗ್ಗೆ ಅತ್ತೆ ಹಳೆಯ ಬಟ್ಟೆ ಮಡಚುತ್ತಾ, ಯಾರಿಗೆ ಹೇಳುತ್ತಿದ್ದೇನೆ ಎಂಬ ಪರಿವೆಯಿಲ್ಲದೆ ಒಂದು ಪುರಾಣ ತೆಗೆದರು. ಒಂದು ಶಾಲೆಯವರು ಇನ್ನೂರು ಕೆಂಪು ಲಂಗಗಳಿಗೆ ಹೇಳಿದ್ದರಂತೆ. ಎರಡು ವಾರ ಕೆಂಪೇ ಕೆಂಪು. ಒಂದು ಮಧ್ಯಾಹ್ನ ಮಷಿನ್ನಿನಿಂದ ತಲೆಯೆತ್ತಿ ನೋಡಿದರೆ ಸುಣ್ಣದ ಗೋಡೆ ಹಸಿರಾಗಿತ್ತು. ಕಣ್ಣೇ ಹೋಯಿತು ಎಂದು ಮಗನನ್ನು ಕಂಕುಳಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದರಂತೆ. ಡಾಕ್ಟರು ನಕ್ಕು, ಕೆಂಪು ನೋಡಿ ನೋಡಿ ಕಣ್ಣಿಗೆ ಕೆಂಪು ಸಾಕಾಗಿದೆ, ಅದಕ್ಕೇ ಬಿಳಿಯಲ್ಲೂ ಕೆಂಪನ್ನು ಬಿಟ್ಟು ನೋಡುತ್ತಿದೆ, ಮನೆಗೆ ಹೋಗಿ ಎಂದರಂತೆ.

ಅವಳ ಕೈಯಲ್ಲಿ ಚಹಾದ ಲೋಟ ಇತ್ತು. ಅದನ್ನು ಕೆಳಗಿಡಲು ಅವಳಿಗೆ ಜಾಗ ತೋಚಲಿಲ್ಲ.

“ಅತ್ತೆ, ಇನ್ನೊಂದ್ಸಲ ಹೇಳಿ.”

“ಇನ್ನೂರು ಲಂಗ ಕಣೇ. ಒಂದೊಂದಕ್ಕೂ ಹದಿನಾರು ನೆರಿಗೆ.”

ದೀಪದಿಂದ ಕಳೆಯಲಾಗದ ಕೆಂಪನ್ನು ಕಣ್ಣಿನಿಂದ ಕಳೆಯಬಹುದು. ಋಣ ಆರನ್ನು ಆಚೆ ಬದಿಗೆ ಹಾಕಬೇಕು ಸರಿ. ಆದರೆ ಆಚೆ ಬದಿ ಎಂದರೆ ಬೆಡ್‌ಶೀಟಿನ ಎಡಭಾಗವೇ ಆಗಬೇಕಿಲ್ಲ. ಹಿಂದಿನ ದೃಶ್ಯವೂ ಆದೀತು. ನಲವತ್ತನ್ನು ಕೆಂಪಾಗಿಸಿದರೆ, ಅದನ್ನೇ ನೋಡಿ ದಣಿದ ಕಣ್ಣಿಗೆ ನಲವತ್ತೊಂದು ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ.

ನಿರ್ದೇಶಕಿ ಒಪ್ಪಲಿಲ್ಲ. ನಲವತ್ತು ಅಕ್ಕತಂಗಿಯರ ಜಗಳದ ದೃಶ್ಯ. ಜಗಳಕ್ಕೆ ಕೆಂಪು ದೀಪ ಹಾಕುವುದೆಂದರೆ ದುಃಖಕ್ಕೆ ಪಿಟೀಲು ಬಾರಿಸಿದಂತೆ, ಮೂವತ್ತು ವರ್ಷದಲ್ಲಿ ಇಂಥ ಕೆಲಸ ಮಾಡಿಲ್ಲ, ಕಂಡವರು ಉಗಿಯುತ್ತಾರೆ ಎಂದರು. ಅವಳು ವಾದ ಮಾಡಲಿಲ್ಲ. ಕೆಂಪು ಎಂದೇ ಯಾರಿಗೂ ಅನ್ನಿಸದ ಹಾಗೆ ನಾಲ್ಕು ನಿಮಿಷದಲ್ಲಿ ಮೆಲ್ಲಗೆ ಏರಿಸುತ್ತೇವೆ, ಒಂದೇ ಒಂದು ತಾಲೀಮು ನೋಡಿ, ಆಮೇಲೆ ನಿಮ್ಮ ಸಾದಾ ನೀಲಿ ಎಂದಳು. ಎಂಟು ತಿಂಗಳಲ್ಲಿ ಅವಳು ಒಬ್ಬರಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಿರ್ದೇಶಕಿಗೆ ಅದು ಗೊತ್ತಿರಲಿಲ್ಲ. ಆದರೂ ಹೂಂ ಎಂದರು.

೭

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ತಾಲೀಮಿಗೆ ಮೊದಲು ಅವಳು ಮಾಮನಿಗೆ ಇನ್ನೊಂದು ಕೆಲಸ ಹೇಳಿದ್ದಳು: ಹಾಳೆಯಿಲ್ಲದ ಆ ಹಳೆಯ ಬಿಳಿ ದೀಪವನ್ನು ಅದರ ಮೊದಲಿನ ಕೊಕ್ಕೆಗೇ ಮತ್ತೆ ತೂಗುಹಾಕಬೇಕು. ಮಾಮ ಯಾಕೆಂದು ಕೇಳಲಿಲ್ಲ. ಏಣಿ ತಂದರು. ಅದು ಮೇಲೆ ತನ್ನ ಎರಡರಲ್ಲಿ ಇತ್ತು.

ದೃಶ್ಯ ನಲವತ್ತು. ಅಕ್ಕತಂಗಿಯರು ಜಗಳವಾಡಿದರು. ಕೆಂಪು ಯಾರಿಗೂ ಹೇಳದೆ ಬಂದು ಕುಳಿತಿತ್ತು. ಮೂರನೆಯ ನಿಮಿಷದಲ್ಲಿ ಅದು ಕೆಂಪು ಎಂದೇ ಮರೆತುಹೋಗಿತ್ತು. ಅವಳು ಮತ್ತು ಅತ್ತೆ ಬೆಳಕಿನ ಕೋಣೆಯ ಪಕ್ಕದ ಕುರ್ಚಿಗಳಲ್ಲಿ ಕುಳಿತಿದ್ದರು. ಅವಳ ತೊಡೆಯ ಮೇಲೆ ಏನೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ತೋಳುಗಳನ್ನು ಹಿಡಿದುಕೊಂಡಿದ್ದಳು.

ಅಕ್ಕ ಬಾಗಿಲು ಹಾಕಿಕೊಂಡು ಹೋದಳು. ತಂಗಿ ಅಂಗಿಯನ್ನೆತ್ತಿಕೊಂಡು ಕುಳಿತಳು. ಕೆಂಪು ಹೋಯಿತು.

ನಲವತ್ತೊಂದು ಬಂತು.

(ಮತ್ತೆ ಖಾಲಿ ಜಾಗ. ಈ ಸಲ ಸಮುದ್ರ ಕೂಡ ಬರಲಿಲ್ಲ.)

ಅವಳು ಎಣಿಸಿದಳು. ಎಣಿಸುವುದು ಅವಳ ಅಭ್ಯಾಸ. ಆರು, ಏಳು. ವೇದಿಕೆಯ ಮೇಲೆ ಆ ಹುಡುಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂಬತ್ತು, ಹತ್ತು. ಹನ್ನೊಂದಕ್ಕೆ ಕಣ್ಣು ಸುಧಾರಿಸಿಕೊಂಡಿತು. ಬಣ್ಣ ಅಂಚುಗಳಿಂದ ಮೆಲ್ಲಗೆ ತೆಳುವಾಗಿ, ಅರವತ್ತಮೂರು ಎಂಬತ್ತೈದು ಎಂಬ ಒಳ್ಳೆಯ, ಸಾಮಾನ್ಯ ನೀಲಿಹಸಿರಾಯಿತು.

“ಅದೇನಾ ಅತ್ತೆ?”

ಅತ್ತೆ ಕಣ್ಣು ಕಿರಿದು ಮಾಡಿಕೊಂಡೇ ಇದ್ದರು.

“ಬಂದಿದ್ದ,” ಎಂದರು. ಆಮೇಲೆ, “ಆ ಹುಡುಗಿಗೆ ಸೂಜಿ ಹಿಡಿಯೋಕೆ ಬರಲ್ಲ.”

ಮುಂದಿನ ಸಾಲಿನಿಂದ ನಿರ್ದೇಶಕಿ ತಿರುಗಿ ನೋಡಿದರು. ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಸಾದಾ ನೀಲಿಯ ಮಾತು ಎತ್ತಲಿಲ್ಲ. ಆಮೇಲೆ ಮೇಲೆ ನೋಡಿ, ಆ ಹಳೆಯ ದೀಪ ಯಾಕೆ ಅಲ್ಲಿದೆ ಎಂದು ಕೇಳಿದರು. ಹೊಸ ದೀಪಗಳನ್ನು ಬೆಚ್ಚಗಿಡಬೇಕಾಗಿಲ್ಲ, ನಲವತ್ತೆರಡರ ಬಿಳಿ ಅವುಗಳಲ್ಲೇ ಬರುತ್ತದೆ, ಸುಮ್ಮನೆ ಯಾಕೆ ಅದು ಎಂದರು.

“ಇರಲಿ,” ಎಂದಳು ಅವಳು.

ಹೊಸ ಚೀಟಿಯಲ್ಲಿ ಬರೆದಳು. ೪೦: ಕೆಂಪು, ಮೆಲ್ಲಗೆ, ನಾಲ್ಕು ನಿಮಿಷ. ೪೧: ೦, ೬೩, ೮೫. ಅದರ ಕೆಳಗೆ, ಯಾವ ದೀಪ ಎಂದು ಹೇಳದೆ, ೨.

ಈಗ ನಲವತ್ತೆರಡು ಬರಬೇಕು. ನಟರು ಪರದೆಯ ಪಕ್ಕದಲ್ಲಿ ಸಾಲಾಗಿ ನಿಂತಿದ್ದಾರೆ. ಹೊಸ ದೀಪಗಳ ಜೊತೆ ಆ ಹಳೆಯ ಬಲ್ಬೂ ಒಂದೇ ಏಟಿಗೆ ಪೂರ್ತಿ ಉರಿಯುತ್ತದೋ ಒಡೆಯುತ್ತದೋ, ಆ ಬಿಳಿ ಬೆಳಕಿನಲ್ಲಿ ಅವಳ ಮುಖ ಹೇಗೆ ಕಾಣುತ್ತದೋ ಎಂದು ನೀವು ಕಾಯುತ್ತಿದ್ದೀರಿ, ನನಗೆ ಗೊತ್ತು. ಅಳುತ್ತಾಳಾ ಎಂದು ಅವಳನ್ನು ಕೇಳಿ ನೋಡಿದೆ. “ಅದು ನಿಮ್ಮ ಚೀಟಿ, ನೀವೇ ಬರ್ಕೊಳ್ಳಿ,” ಎಂದಳು.

ಬರೆಯುವುದಿಲ್ಲ. ಮಾಮನ ಬೆರಳು ಗುಂಡಿಯ ಮೇಲಿದೆ, ಅಲ್ಲೇ ಇರಲಿ. ಮೇಲೆ ತಂತಿ ಕೆಂಪಗೆ ಒಂದು ಎಳೆ ಕಾಣುತ್ತಿದೆ. ಬೆಳಕಿಲ್ಲ. ಏಣಿ ಹತ್ತಿ ಅಂಗೈ ಹತ್ತಿರ ಹಿಡಿದರೆ ಮಾತ್ರ ಗೊತ್ತಾಗುವಷ್ಟು ಬಿಸಿ.